ಹಾಲ್ಟ್ ಬಸ್ಸಿನ ಬೆಳಗಿನ ಸಕ್ಕರೆ

ನನ್ನ ಅಣ್ಣನ ಬೆಳಗಿನ ಸಕ್ಕರೆ ಯಾಕೆ ಇಳಿಯುತ್ತಿಲ್ಲ ಎಂದು ಒಬ್ಬ ಡಾಕ್ಟರು, ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ಮತ್ತು ಕರೆಯದೆ ಬಂದು ಬುದ್ಧಿ ಹೇಳುವ ನಾಲ್ಕಾರು ನೆಂಟರು ಒಂದು ವರ್ಷಕ್ಕೂ ಮೇಲೆ ತಲೆ ಕೆಡಿಸಿಕೊಂಡಿದ್ದರು. ಆ ಮೇಷ್ಟ್ರು ನಾನು. ಅರಸೀಕೆರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅಣ್ಣ ಖಾಸಗಿ ಬಸ್ಸೊಂದರ ಡ್ರೈವರ್ ಆಗಿದ್ದ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಯಾವ ವರ್ಷ ಎಂದರೆ ನಾನೊಂದು ಹೇಳುತ್ತೇನೆ, ನನ್ನ ಹೆಂಡತಿ ಅದರ ಮುಂದಿನದನ್ನು ಹೇಳುತ್ತಾಳೆ. ಮಗಳಿಗೆ ಮುಂದಿನ ಹಲ್ಲು ಬಿದ್ದಿದ್ದನ್ನು ಅವಳು ಸಾಕ್ಷಿಗೆ ತರುತ್ತಾಳೆ. ನನ್ನ ಹತ್ತಿರ ಸಾಕ್ಷಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಬೆಳಿಗ್ಗೆ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಒಂದು ಮಾತು ಆಡಿದೆನೋ ಇಲ್ಲವೋ ಎಂಬುದರ ಮೇಲೆ ಅಣ್ಣನ ಮತ್ತು ನನ್ನ ಸಂಬಂಧ ಮುರಿದುಬಿದ್ದಿದೆ, ಮತ್ತು ನನ್ನ ನೆನಪು ನಂಬಲರ್ಹವಾದದ್ದಲ್ಲ.

ಅಣ್ಣನ ಬಸ್ಸು ಮಧ್ಯಾಹ್ನದ ಮೇಲೆ ಅರಸೀಕೆರೆ ಬಿಟ್ಟು ಜಾವಗಲ್, ಹಳೇಬೀಡು, ಬೇಲೂರು ದಾಟಿ ಕತ್ತಲಾಗುವ ಹೊತ್ತಿಗೆ ಅರೇಹಳ್ಳಿ ಸೇರುತ್ತಿತ್ತು. ರಾತ್ರಿ ಅಲ್ಲೇ ಹಾಲ್ಟ್. ಬೆಳಕು ಹರಿಯುವ ಮುಂಚೆ ಹೊರಟು ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಅರಸೀಕೆರೆಯಲ್ಲಿ ಬೆಂಗಳೂರಿನ ರೈಲಿಗೆ ಜನರನ್ನು ಮುಟ್ಟಿಸಬೇಕು. ಆ ಕಡೆಯ ಜನ ಅದನ್ನು ಕಂಪನಿಯ ಹೆಸರಿನಿಂದ ಕರೆಯುತ್ತಿರಲಿಲ್ಲ, ರೈಲು ಬಸ್ಸು ಅನ್ನುತ್ತಿದ್ದರು. ಅದನ್ನು ಓಡಿಸುವವನಿಗೆ ಒಂದು ಗತ್ತು ಇತ್ತು. ಅಣ್ಣ ಹಾರ್ನ್ ಒತ್ತಿದರೆ ತೋಟದ ಗೇಟುಗಳಲ್ಲಿ ಟಾರ್ಚುಗಳು ಓಡಿಬರುತ್ತಿದ್ದವು. ತಡವಾದ ಬಾಣಂತಿಗೆ ಅವನು ಕಾಯುತ್ತಿದ್ದ, ತಡವಾದ ತಾಲೂಕು ಆಫೀಸಿನ ಗುಮಾಸ್ತನಿಗೆ ಕಾಯುತ್ತಿರಲಿಲ್ಲ. ಯಾರಿಗೆ ಕಾಯಬೇಕು ಎಂದು ತೀರ್ಮಾನಿಸುವ ಅಧಿಕಾರ ಈ ಲೋಕದಲ್ಲಿ ಅವನಿಗೆ ಸಿಕ್ಕಿದ್ದು ಅದೊಂದೇ ಕಡೆ. ಮನೆಯಲ್ಲಿ ಅವನಿಗೆ ಯಾರೂ ಕಾಯುತ್ತಿರಲಿಲ್ಲ. ಹೆಂಡತಿ ಮಕ್ಕಳು ಹಳೇಬೀಡಿನಲ್ಲಿದ್ದರು. ಬಸ್ಸು ಅಲ್ಲಿ ನಿಂತಾಗ ಅತ್ತಿಗೆ ಕಿಟಕಿಯಲ್ಲಿ ಬೆಳಿಗ್ಗೆ ಊಟದ ಕ್ಯಾರಿಯರ್, ಸಂಜೆ ಒಂದು ಬಟ್ಟೆ ಚೀಲ ಕೊಡುತ್ತಿದ್ದಳು. ಅವನ ಸಂಸಾರದ ಬಹುಪಾಲು ಆ ಕಿಟಕಿಯಲ್ಲೇ ನಡೆಯಿತು.

ಸಕ್ಕರೆ ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. ಅಣ್ಣನಿಗೆ ನಲವತ್ತು ದಾಟಿದ ಮೇಲೆ ಬಂತು. ಕೆಲವು ವರ್ಷ ಮಾತ್ರೆ ನುಂಗಿದ. ಆಮೇಲೆ ಬಲಗಾಲಿನ ಹೆಬ್ಬೆರಳಿನ ಪಕ್ಕದಲ್ಲಿ ಒಂದು ಹುಣ್ಣಾಯಿತು. ಚಪ್ಪಲಿ ಕಚ್ಚಿದ್ದು ಅಂದ. ಚಪ್ಪಲಿ ಬದಲಾಯಿಸಿದ, ಹುಣ್ಣು ಬದಲಾಗಲಿಲ್ಲ. ನಾನೇ ಎಳೆದುಕೊಂಡು ಹೋದ ಅರಸೀಕೆರೆಯ ಡಾಕ್ಟರು ರಕ್ತ ನೋಡಿಸಿ, ಮಾತ್ರೆ ಸಾಲದು, ಮಲಗುವ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕು ಅಂದರು. ರಾತ್ರಿಯ ಇಂಜೆಕ್ಷನ್ ಬೆಳಗಿನ ಸಕ್ಕರೆಯನ್ನು ಹಿಡಿದಿಡುತ್ತದೆ, ಬೆಳಗಿನದು ಹತೋಟಿಗೆ ಬಂದರೆ ದಿನದ್ದು ತಾನಾಗಿ ಬರುತ್ತದೆ, ಹುಣ್ಣು ಮಾಯುತ್ತದೆ. ಇಲ್ಲವಾದರೆ ಬೆರಳು, ಆಮೇಲೆ ಪಾದ. ಅವರು ಇದನ್ನು ಹೆದರಿಸುವ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಬಸ್ಸು ಓಡಿಸ್ಬೋದಾ ಸಾರ್?"

"ಸಕ್ಕರೆ ಕಮ್ಮಿಯಾಗಿ ಬೆವರೋದು, ಕೈ ನಡುಗೋದು, ಕಣ್ಣು ಮಂಜಾಗೋದು ಆದ್ರೆ ಓಡಿಸಬಾರದು. ಹಾಗಾದ್ರೆ ನನಗೆ ಹೇಳಬೇಕು."

"ಹೇಳ್ತೀನಿ ಸಾರ್," ಅಂದ ಅಣ್ಣ. ಎಷ್ಟು ಬೇಗ ಅಂದನೆಂದರೆ ನನಗೆ ಅಲ್ಲೇ ಅನುಮಾನ ಬರಬೇಕಾಗಿತ್ತು.

ಹೊರಗೆ ಬಂದ ಕೂಡಲೇ ನನ್ನ ತೋಳು ಹಿಡಿದು ನಿಲ್ಲಿಸಿದ. "ನೋಡ್ಲಾ, ಇಂಜೆಕ್ಷನ್ ವಿಷಯ ಸಾವ್ಕಾರ್ರ ಕಿವಿಗೆ ಬೀಳ್ಕೂಡ್ದು. ಸೂಜಿ ಚುಚ್ಕಳೋ ಡ್ರೈವರ್ನ ಯಾರೂ ಇಟ್ಕಳಲ್ಲ. ಗೆಂಡೆಹಳ್ಳಿ ಗಾಡಿಗೂ ಹಾಕಲ್ಲ."

ಸಾವ್ಕಾರ್ರು ಅಂದರೆ ಬಸ್ಸಿನ ಮಾಲೀಕರು. ಬೇಲೂರಿನವರು. ಅವರಿಗೆ ಇನ್ನೊಂದು ಹಳೆಯ ಬಸ್ಸಿತ್ತು, ಹಗಲು ಹೊತ್ತು ಬೇಲೂರಿಗೂ ಗೆಂಡೆಹಳ್ಳಿಗೂ ಓಡಾಡುತ್ತಿತ್ತು. ಆ ಗಾಡಿಯನ್ನು ಕೇಳಿ ತೆಗೆದುಕೋ, ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ಮನೆ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅಣ್ಣನಿಗೆ ಅದು ಅವಮಾನದ ಮಾತು. "ಹುಲ್ಲು ಹೊರೆ, ಕೋಳಿ ಪಂಜರ ಸಾಗ್ಸೋ ಗಾಡಿ ಅದು. ನೀನು ಹೋಗಿ ಪ್ರೈಮರಿ ಸ್ಕೂಲ್ನಲ್ಲಿ ಅಆಇಈ ಹೇಳ್ಕೊಡ್ತೀಯಾ?" ಅಂದಿದ್ದ.

ಅಂತೂ ಇಂಜೆಕ್ಷನ್ ಶುರುವಾಯಿತು. ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿ ತೆಳು ಹಾಲಿನಂತೆ ಆದಮೇಲೆ ಸಿರಿಂಜಿಗೆ ಎಳೆಯುವುದನ್ನು ನಾನೇ ಕಲಿಸಿದೆ. ಅವನು ಅದನ್ನು ಬಸ್ಸಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟ. ಡ್ರೈವರ್ ಸೀಟಿನ ಹಿಂದೆ ಕೆಂಪು ಕೂಡು ಗುರುತು ಬರೆದ ಒಂದು ತಗಡಿನ ಡಬ್ಬಿ. ಅದರಲ್ಲಿ ಅಲ್ಲಿಯವರೆಗೆ ಒಂದು ಊದುಬತ್ತಿ ಪ್ಯಾಕೆಟ್ಟು ಮತ್ತು ಎರಡು ನಟ್ಟು ಬೋಲ್ಟು ಬಿಟ್ಟರೆ ಏನೂ ಇರಲಿಲ್ಲ. ಮೊದಲನೆಯ ಸಲ ಅದರೊಳಗೆ ಒಂದು ಔಷಧಿ ಬಂದಿತ್ತು, ಅದೂ ಪ್ರಯಾಣಿಕರಿಗಲ್ಲ. ಕಂಡಕ್ಟರಿಗೆ ಮಾತ್ರ ಗೊತ್ತಿತ್ತು. ಬಿಕ್ಕೋಡಿನವನು, ಮಾತುಗಾರ, ಆದರೆ ಅಣ್ಣನ ಮೇಲೆ ಭಕ್ತಿ ಇದ್ದವನು.

ವಾರಕ್ಕೊಮ್ಮೆ, ಇಲ್ಲವೇ ಎರಡು ವಾರಕ್ಕೊಮ್ಮೆ, ಬಸ್ಸು ಅರಸೀಕೆರೆಗೆ ಬಂದ ಕೂಡಲೇ ಅಣ್ಣ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ರಕ್ತ ಕೊಡುತ್ತಿದ್ದ. ಮಧ್ಯಾಹ್ನ ನಾನು ರಿಪೋರ್ಟು ತಂದು ಡಾಕ್ಟರಿಗೆ ತೋರಿಸುತ್ತಿದ್ದೆ. ಯಾವಾಗ ನೋಡಿದರೂ ಹೆಚ್ಚು. ಡಾಕ್ಟರು ಎರಡು ಯೂನಿಟ್ ಏರಿಸುವರು. ಮುಂದಿನ ಸಲ ಇನ್ನೂ ಹೆಚ್ಚು. ಮತ್ತೆ ಏರಿಸುವರು. "ಬೆಳಿಗ್ಗೆ ಏನೂ ತಿಂದಿರಲ್ಲ ತಾನೆ?" ಎಂದು ಅವರು ಪ್ರತಿ ಸಲವೂ ಕೇಳುತ್ತಿದ್ದರು. "ನೀರು ಬಿಟ್ಟು ಏನೂ ಇಲ್ಲ ಸಾರ್," ಎಂದು ಅಣ್ಣ ಪ್ರತಿ ಸಲವೂ ಹೇಳುತ್ತಿದ್ದ.

ನಾನು ವಿಶ್ವವಿದ್ಯಾಲಯದಲ್ಲಿ ಓದಿ ಬಂದವನು. ನನಗೆ ಒಂದು ಕಾರಣ ಸಾಲದು, ಮೂರು ಬೇಕು. ಮೊದಲು ಇಂಜಿನ್ನಿನ ಶಾಖವನ್ನು ಹಿಡಿದೆ. ಇನ್ಸುಲಿನ್ ಪ್ರೋಟೀನು, ಕಾದರೆ ಕೆಡುತ್ತದೆ, ಆ ತಗಡಿನ ಡಬ್ಬಿಯಲ್ಲಿ ಕೆಟ್ಟಿರಬೇಕು ಎಂದು ವಾದಿಸಿದೆ. ಹೊಸ ಬಾಟಲಿ ತಂದು, ಬಾಯಗಲ ಫ್ಲಾಸ್ಕಿನಲ್ಲಿ ತಣ್ಣೀರು ತುಂಬಿ ಅದರೊಳಗೆ ಪ್ಲಾಸ್ಟಿಕ್ ಸುತ್ತಿ ಇಟ್ಟೆ. ಏನೂ ಬದಲಾಗಲಿಲ್ಲ. ಆಮೇಲೆ ಪುಸ್ತಕ ತಿರುವಿ, ಬೆಳಗಿನ ಜಾವ ಮೈಯೇ ಸಕ್ಕರೆ ಬಿಡುಗಡೆ ಮಾಡುತ್ತದೆ, ಕೆಲವರಲ್ಲಿ ಅದು ಜಾಸ್ತಿ ಎಂದು ಓದಿ ಡಾಕ್ಟರ ಮುಂದೆ ಹೇಳಿದೆ. ಅವರು ತಾಳ್ಮೆಯಿಂದ, "ಹೌದು, ಅದಕ್ಕೇ ಏರಿಸ್ತಿರೋದು," ಅಂದರು. ಮೂರನೆಯದು ಅರೇಹಳ್ಳಿಯ ಊಟ.

ಈ ಊಟದ ವಿಷಯ ಹೇಳಬೇಕು. ಹಾಲ್ಟ್ ಬಸ್ಸಿನ ಡ್ರೈವರು ಕಂಡಕ್ಟರಿಗೆ ಊರಿನವರೇ ರಾತ್ರಿ ಊಟ ಹಾಕುವ ಪದ್ಧತಿ ಅಲ್ಲಿತ್ತು. ಒಂದೊಂದು ದಿನ ಒಂದೊಂದು ಮನೆ. ಬಸ್ಸು ನಮ್ಮೂರಿನಲ್ಲಿ ಮಲಗುತ್ತದೆ, ಆದ್ದರಿಂದ ಅದನ್ನು ತಂದವರು ನಮ್ಮ ನೆಂಟರು, ಇಷ್ಟೇ ಲೆಕ್ಕ. ಕೇಳುವುದಕ್ಕೆ ಬಹಳ ಚೆಂದ. ಆದರೆ ನೆಂಟನಾದವನು ಹೊತ್ತಿಗೆ ಸರಿಯಾಗಿ ಬಡಿಸಿ ಅನ್ನುವ ಹಾಗಿಲ್ಲ, ಸಾಕು ಅನ್ನುವ ಹಾಗಿಲ್ಲ, ನನಗೆ ಪಾಯಸ ಆಗದು ಅನ್ನುವ ಹಾಗೂ ಇಲ್ಲ. ಅಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಯಾಕೆ ಎಂಬುದರ ಉತ್ತರ ಮಾರನೆಯ ಬೆಳಿಗ್ಗೆ ಅದೇ ಬಸ್ಸು ಹತ್ತಿ ಬೇಲೂರಿಗೆ ಹೋಗುತ್ತದೆ.

ನಾನು ಒಂದು ಶನಿವಾರ ಕಾಲೇಜು ಮುಗಿಸಿ ಅಣ್ಣನ ಬಸ್ಸು ಹತ್ತಿದೆ. ಸಹೋದ್ಯೋಗಿಯೊಬ್ಬರು ಬೆಂಗಳೂರಿನಿಂದ ತಮ್ಮ ತಾಯಿಗೆ ತಂದಿದ್ದ ಗ್ಲುಕೋಮೀಟರನ್ನು ಎರವಲು ತಂದಿದ್ದೆ. ಬೆರಳು ಚುಚ್ಚಿ ಒಂದು ಹನಿ ಪಟ್ಟಿಯ ಮೇಲಿಟ್ಟರೆ ಅಲ್ಲೇ ಸಂಖ್ಯೆ ಬರುವ ಯಂತ್ರ. ಆ ಕಾಲಕ್ಕೆ ಅದೊಂದು ದೊಡ್ಡ ವಸ್ತು. ಬೆಳಿಗ್ಗೆ ಎದ್ದ ಕೂಡಲೇ, ಲ್ಯಾಬಿಗೆ ಬರುವ ತನಕ ಕಾಯದೆ, ಅರೇಹಳ್ಳಿಯಲ್ಲೇ ನೋಡಿಬಿಡೋಣ ಎಂಬುದು ನನ್ನ ಆಲೋಚನೆ.

"ನನ್ ಮೇಲೆ ಪ್ರಾಕ್ಟಿಕಲ್ಲಾ?" ಅಂದ ಅಣ್ಣ, ಗೇರು ಬದಲಿಸುತ್ತ. "ಮಾಡ್ಕಳಪ್ಪ. ಕಪ್ಪೆ ಸಿಗ್ನಿಲ್ವೇನೋ ಕಾಲೇಜಲ್ಲಿ."

"ಕಪ್ಪೆ ಜುವಾಲಜಿಯವರಿಗೆ, ಡ್ರೈವರಣ್ಣ," ಅಂದ ಹಿಂದಿನಿಂದ ಕಂಡಕ್ಟರ್. "ಮೇಷ್ಟ್ರದು ಆಸಿಡ್ಡು."

"ಅದು ಗೊತ್ತು. ಚಿಕ್ಕಂದಿನಿಂದ ಬಾಯಲ್ಲೇ ಇಟ್ಕಂಡವ್ನೆ."

ಹಳೇಬೀಡಿನಲ್ಲಿ ಅತ್ತಿಗೆ ಚೀಲ ಕೊಟ್ಟಳು. ನಾನು ಒಳಗೆ ಕೈಹಾಕಿ ನೋಡಿದೆ. ಬಾಳೆಹಣ್ಣು, ಕೊಬ್ಬರಿ ಚೂರು, ಬೆಲ್ಲದಚ್ಚು.

"ಇದೇನತ್ತಿಗೆ, ಸಕ್ಕರೆ ಕಾಯಿಲೆಯವರಿಗೆ ಬೆಲ್ಲ?"

"ಅಯ್ಯೋ, ಅದು ಅವರಿಗಲ್ಲ ಕಣ್ರೀ. ಬಸ್ಸಲ್ಲಿ ತೋಟದ ಕೆಲಸದವರ ಮಕ್ಕಳು ಬತ್ತಾವಂತೆ, ಬೆಳಿಗ್ಗೆ ಹಸ್ಕೊಂಡು ಅಳ್ತಾವಂತೆ. ದಿನಾ ಕಳಿಸು ಅಂತಾರೆ." ಗಂಡನ ದಯಾಗುಣದ ಬಗ್ಗೆ ಅವಳ ಮುಖದಲ್ಲಿ ಒಂದು ಹೆಮ್ಮೆ ಇತ್ತು. ಅಣ್ಣ ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ನೋಡುತ್ತಿದ್ದ.

ಆ ಸಂಜೆ ಊಟದ ಸರದಿ ಒಬ್ಬ ಗೌಡರ ಮನೆಯದು. ಹೊಸದಾಗಿ ಹಂಚು ಹಾಕಿಸಿದ ಮನೆ, ಅಂಗಳದಲ್ಲಿ ಕಾಫಿ ಒಣಗಲು ಹರವಿದ್ದರು. ಎಲೆ ಹಾಕುವ ಮುಂಚೆ ಅಣ್ಣ ಕೈಕಾಲು ತೊಳೆಯುತ್ತೇನೆಂದು ಬಚ್ಚಲಿಗೆ ಹೋದ. ಸ್ವಲ್ಪ ಹೊತ್ತಾಯಿತು. ಬಂದಾಗ ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡಿದ್ದ. ಮಲಗುವ ಮುಂಚಿನ ಇಂಜೆಕ್ಷನ್ನನ್ನು ಅವನು ಯಾಕೆ ಆಗಲೇ ತೆಗೆದುಕೊಂಡ ಎಂದು ನನ್ನ ಹುಬ್ಬು ಏರಿತು. ಆಮೇಲೆ ತಿಳಿಯಿತು, ಬಸ್ಸಿನವರಿಗೆ ಮಲಗಲು ಊರವರು ಕೊಟ್ಟ ಕೋಣೆಯಲ್ಲಿ ದೀಪವಿಲ್ಲ, ಬಸ್ಸಿನ ಬಲ್ಬು ಹಾಕಿದರೆ ಊರಿಗೆಲ್ಲ ಕಾಣುತ್ತದೆ, ಸಿರಿಂಜಿನ ಗೆರೆ ಕಾಣುವ ಬೆಳಕು ಅವನಿಗೆ ಸಿಗುತ್ತಿದ್ದದ್ದು ಊರವರ ಬಚ್ಚಲುಗಳಲ್ಲಿ ಮಾತ್ರ. ಒಂದು ದಿನ ಒಂದು ಬಚ್ಚಲು. ನಿಂತುಕೊಂಡು, ಹಂಡೆಯ ಪಕ್ಕದಲ್ಲಿ, ಅಂಗಿ ಎತ್ತಿ ಹಲ್ಲಲ್ಲಿ ಕಚ್ಚಿಕೊಂಡು.

ಗೌಡರ ಹೆಂಡತಿ ಅಕ್ಕಿ ಕಡುಬು ಬಡಿಸುತ್ತಲೇ ಇದ್ದರು. "ಇನ್ನೆರಡು ಹಾಕಿಸ್ಕಳಿ ಡ್ರೈವರಣ್ಣ. ಬೆಳಿಗ್ಗೆ ಅಷ್ಟು ಜನರ ಜೀವ ಹೊತ್ಕೊಂಡು ಹೋಗೋರು ನೀವು, ನಿಮ್ ಹೊಟ್ಟೆ ಗಟ್ಟಿ ಇರ್ಬೇಕು."

"ಹಾಕಿ ತಾಯಿ," ಅಂದ ಅಣ್ಣ.

ಇದೇ ಕಾರಣ, ನಾನು ಕಂಡುಹಿಡಿದೆ ಎಂದುಕೊಂಡು ಮಲಗಿದೆ. ಅಷ್ಟು ಅಕ್ಕಿ ತಿಂದವನ ಬೆಳಗಿನ ಸಕ್ಕರೆ ಎಲ್ಲಿ ಇಳಿದೀತು? ಎಷ್ಟು ನೆಮ್ಮದಿಯಿಂದ ಮಲಗಿದೆ ಎಂಬುದು ಸರಿಯಾಗಿ ನೆನಪಿದೆ. ತಪ್ಪಾದ ವಿವರಣೆಗಳು ನನಗೆ ಯಾವಾಗಲೂ ಒಳ್ಳೆಯ ನಿದ್ದೆ ಕೊಟ್ಟಿವೆ.

ಎಚ್ಚರವಾದಾಗ ಇನ್ನೂ ಬೆಳಗಾಗಿರಲಿಲ್ಲ. ಹೊರಗೆ ಕಂಡಕ್ಟರ್ ಬಸ್ಸಿನ ಮುಂದಿನ ಗಾಜು ಒರೆಸುತ್ತಿದ್ದ. ಅಣ್ಣ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ಒಳಗಿನ ಬಲ್ಬು ಹಾಕಿತ್ತು. ಹೊರಗೆ ಚಳಿ, ಅವನ ಹಣೆ ಒದ್ದೆ. ಚೀಲ ತೊಡೆಯ ಮೇಲಿತ್ತು. ಅದರ ಗಂಟು ಬಿಚ್ಚಲು ಬೆರಳುಗಳು ಸರಿಯಾಗಿ ಬರುತ್ತಿರಲಿಲ್ಲ.

"ತಿನ್ನಬೇಡ, ಮೊದಲು ಕೈ ಕೊಡು," ಅಂದೆ. ಅವನು ಕೊಟ್ಟ. ತಣ್ಣಗೆ, ಒದ್ದೆಯಾಗಿ, ಬೇರೆ ಯಾರದ್ದೋ ಕೈ ಇದ್ದ ಹಾಗಿತ್ತು. ಯಂತ್ರ ಸಂಖ್ಯೆ ತೋರಿಸಲು ಸುಮಾರು ಹೊತ್ತು ತೆಗೆದುಕೊಂಡಿತು. ನಾನು ನಿರೀಕ್ಷಿಸಿದ್ದು ಇನ್ನೂರರ ಮೇಲೆ. ಬಂದದ್ದು ಅರವತ್ತಕ್ಕಿಂತ ಕೆಳಗೆ. ಎಷ್ಟು ಕೆಳಗೆ ಎಂದು ನಾನು ಒಂದೊಂದು ಸಲ ಒಂದೊಂದು ಸಂಖ್ಯೆ ಹೇಳುತ್ತೇನೆಂದು ಹೆಂಡತಿ ಆಡಿಕೊಳ್ಳುತ್ತಾಳೆ. ಇರಬಹುದು. ಕೆಳಗಿತ್ತು ಎಂಬುದು ಮಾತ್ರ ನಿಜ.

ಅಷ್ಟರಲ್ಲಿ ಅವನು ಬಾಳೆಹಣ್ಣು ಸುಲಿದಿದ್ದ. ಒಂದು, ಅದರ ಹಿಂದೆ ಇನ್ನೊಂದು. ಆಮೇಲೆ ಬೆಲ್ಲ. ಅಗಿಯುವ ತಾಳ್ಮೆಯೂ ಇಲ್ಲದೆ ನುಂಗುತ್ತಿದ್ದ. ಕಂಡಕ್ಟರ್ ಗಾಜು ಒರೆಸುವುದನ್ನು ನಿಲ್ಲಿಸಿರಲಿಲ್ಲ, ನಮ್ಮ ಕಡೆ ನೋಡಿರಲೂ ಇಲ್ಲ. ಇದು ಅವನಿಗೆ ದಿನದ ನೋಟ.

ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ರಾತ್ರಿಯ ಇನ್ಸುಲಿನ್ ಅವನ ಮೈಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಬೇಕಾದ್ದಕ್ಕಿಂತ ಹೆಚ್ಚು. ಬೆಳಗಿನ ಜಾವ ಸಕ್ಕರೆ ಕುಸಿಯುತ್ತಿತ್ತು. ಸ್ಟಿಯರಿಂಗ್ ಹಿಡಿಯಬೇಕಾದ ಕೈ ನಡುಗುತ್ತದೆ ಎಂದು ಅವನು ಹಣ್ಣು ಬೆಲ್ಲ ತಿಂದು ಅದನ್ನು ಏರಿಸಿಕೊಳ್ಳುತ್ತಿದ್ದ. ಅರಸೀಕೆರೆಯ ಲ್ಯಾಬು ಅಳೆಯುತ್ತಿದ್ದದ್ದು ಆ ಹಣ್ಣು ಬೆಲ್ಲವನ್ನು. ರಿಪೋರ್ಟು ನೋಡಿ ಡಾಕ್ಟರು ರಾತ್ರಿಯ ಇನ್ಸುಲಿನ್ ಏರಿಸುತ್ತಿದ್ದರು. ಅದರಿಂದ ಸಕ್ಕರೆ ಇನ್ನಷ್ಟು ಕುಸಿದು, ಇವನು ಇನ್ನಷ್ಟು ತಿನ್ನುತ್ತಿದ್ದ. ಒಂದು ವರ್ಷ ನಾವು ಅವನ ಬಾಳೆಹಣ್ಣಿಗೆ ಇಂಜೆಕ್ಷನ್ ಕೊಟ್ಟಿದ್ದೆವು.

"ಎಷ್ಟಂತೆ?" ಅಂದ, ಬಾಯಿ ಒರೆಸಿಕೊಂಡು.

ಹೇಳಿದೆ.

"ಪಾಸಾ ಫೇಲಾ?"

"ಅಣ್ಣ, ತಮಾಷೆ ಮಾಡಬೇಡ. ದಿನಾ ಹೀಗೇನಾ?"

"ದಿನಾ ಇಲ್ಲ. ಕಡುಬು ಜಾಸ್ತಿ ತಿಂದ ದಿನ ನಡುಕ ಅಷ್ಟಿರಲ್ಲ."

"ನಿನ್ನೆ ಜಾಸ್ತಿ ತಿಂದೆಯಲ್ಲ!"

"ಅದಕ್ಕೇ ಇವತ್ತು ವಾಸಿ," ಅಂದ.

"ಡಾಕ್ಟರಿಗೆ ಯಾಕೆ ಹೇಳಲಿಲ್ಲ? ಏನೂ ತಿಂದಿಲ್ಲ ಅಂತ ಸುಳ್ಳು ಹೇಳ್ತಿದ್ಯಲ್ಲ, ಒಂದು ವರ್ಷ!"

"ಹೇಳಿದ್ರೆ? ಬೆವರ್ತೀಯಾ, ನಡುಗ್ತೀಯಾ, ಸ್ಟಿಯರಿಂಗ್ ಬಿಡು ಅಂತಾರೆ. ಅವತ್ತೇ ಹೇಳಿದ್ರಲ್ಲ. ನಿನ್ ಮುಂದೇನೇ ಹೇಳಿದ್ರು." ಅವನು ಎದ್ದು ಕಾಲು ಝಾಡಿಸಿದ. ಹುಣ್ಣಿನ ಬೆರಳಿಗೆ ಬಟ್ಟೆ ಸುತ್ತಿತ್ತು. "ಕೇಳ್ಲಾ. ಸಕ್ಕರೆ ಜಾಸ್ತಿ ಆದ್ರೆ ಏನಾಯ್ತದೆ? ಬೆರಳು ಹೋಯ್ತದೆ, ನಂದು ಒಬ್ಬಂದು, ನಿಧಾನಕ್ಕೆ. ಕಮ್ಮಿ ಆದ್ರೆ ಬಸ್ಸು ಹಳ್ಳಕ್ಕೆ ಹೋಯ್ತದೆ. ನಾನು ಜಾಸ್ತಿನೇ ಇಟ್ಕಂಡಿದೀನಿ. ಏನ್ ತಪ್ಪು?"

"ಒಂದು ದಿನ ಹಣ್ಣು ತಿನ್ನೋದು ತಡವಾದ್ರೆ? ದಾರಿಯಲ್ಲಿ ಕಣ್ಣು ಕತ್ತಲೆ ಬಂದ್ರೆ? ಡೋಸ್ ಇಳಿಸಿದ್ರೆ ಜಾಸ್ತಿ, ಕಮ್ಮಿ ಎರಡೂ ಇರಲ್ಲ. ಅದಕ್ಕೆ ನಿಜ ಹೇಳಬೇಕು. ನೀನು ಸ್ವಲ್ಪ ದಿನ ಬಸ್ಸು ಬಿಡಲೇಬೇಕು."

"ಬಿಟ್ಟ ಸೀಟು ಯಾರಾದ್ರೂ ವಾಪಸ್ ಕೊಟ್ಟಿರೋದು ನೋಡಿದೀಯಾ?"

ಅವನ ಲೆಕ್ಕದಲ್ಲಿ ಅರ್ಧ ಸರಿ ಇತ್ತು, ಮತ್ತು ಅರ್ಧ ಸರಿಯಾದ ಲೆಕ್ಕ ಪೂರ್ತಿ ತಪ್ಪಾದದ್ದಕ್ಕಿಂತ ಅಪಾಯ. ತನಗೆ ತಡವಾಗುವುದೇ ಇಲ್ಲ ಎಂದು ಅವನು ನಂಬಿದ್ದ. ಟಾರ್ಚುಗಳು ಬರತೊಡಗಿದವು. ಹೆಂಗಸರು, ಬ್ಯಾಗುಗಳು, ಒಂದು ಮಗು. ಅಣ್ಣ ಊದುಬತ್ತಿ ಹಚ್ಚಿ, ಸ್ಟಿಯರಿಂಗಿಗೆ ನಮಸ್ಕಾರ ಮಾಡಿ ಕೂತ. ಚೀಲದಲ್ಲಿ ಉಳಿದ ಕೊಬ್ಬರಿಯನ್ನು ಆ ಮಗುವಿಗೆ ಕೊಟ್ಟ. ಹೆಂಡತಿಗೆ ಹೇಳಿದ್ದ ಸುಳ್ಳಿನಲ್ಲಿ ಅಷ್ಟು ಪಾಲು ನಿಜ ಉಳಿಸಿಕೊಂಡಿದ್ದ.

ನಾನು ಇಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂತು ಬೇಲೂರಿನವರೆಗೂ ಅವನ ಕುತ್ತಿಗೆ ನೋಡುತ್ತಿದ್ದೆ, ಬೆವರಿದೆಯೇ ಎಂದು. ಇಳಿಜಾರಿನಲ್ಲಿ, ತಿರುವಿನಲ್ಲಿ, ಎದುರಿಗೆ ಲಾರಿ ಬಂದಾಗ, ಅವನು ಎಷ್ಟು ಸಲೀಸಾಗಿ ಓಡಿಸಿದನೆಂದರೆ ನನಗೆ ಕೋಪ ಬಂತು. ಒಂದು ಸಲವಾದರೂ ತಪ್ಪಿದ್ದರೆ ನನ್ನ ಮಾತಿಗೆ ಬೆಲೆ ಬರುತ್ತಿತ್ತು. ನಲವತ್ತು ಜನ ಕೂತಿದ್ದ ಬಸ್ಸಿನಲ್ಲಿ ಹಾಗೆ ಬಯಸಿದವನು ನಾನೊಬ್ಬನೇ ಇರಬೇಕು.

ಬೇಲೂರಿನಲ್ಲಿ ಕಾಫಿಗೆ ಬಸ್ಸು ನಿಲ್ಲುತ್ತಿತ್ತು. ಮಾಲೀಕರು ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಆ ಹೊತ್ತಿಗೆ ಕೂತಿರುತ್ತಿದ್ದರು. ಅಣ್ಣ ಟೈರು ನೋಡುತ್ತಿದ್ದ. ನಾನೂ ಕಂಡಕ್ಟರೂ ಒಳಗೆ ಹೋದೆವು. ಮಾಲೀಕರು, "ಬನ್ನಿ ಮೇಷ್ಟ್ರೇ, ಏನು ಈ ಕಡೆ, ಅಣ್ಣನ ಗಾಡೀಲಿ?" ಅಂದರು. ನನ್ನ ನೆನಪಿನಲ್ಲಿ ನಾನು, "ಸುಮ್ಮನೆ, ರಜ ಇತ್ತು," ಅಂದೆ. ಅವರು ಕಾಫಿ ಹೇಳಿದರು. ನಾನು ರಸ್ತೆಯ ಬಗ್ಗೆ ಏನೋ ಮಾತಾಡಿದೆ. ಕಾಫಿಯಲ್ಲಿ ಸಕ್ಕರೆ ಹೆಚ್ಚಾಗಿತ್ತು. ಎದ್ದು ಬಂದೆ. ಇಷ್ಟೇ.

ಆ ವಾರದ ಕೊನೆಗೋ ಮುಂದಿನ ವಾರವೋ, ಅದೇ ಸ್ಟ್ಯಾಂಡಿನಲ್ಲಿ, ಮಾಲೀಕರು ಬಸ್ಸಿನೊಳಕ್ಕೆ ಹತ್ತಿ ನೇರವಾಗಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಕೈ ಹಾಕಿದರು. ಫ್ಲಾಸ್ಕು ತೆಗೆದರು, ಬಾಟಲಿ ತೆಗೆದರು, ಸಿರಿಂಜುಗಳನ್ನು ಬಾನೆಟ್ಟಿನ ಮೇಲೆ ಇಟ್ಟರು. "ಏನ್ ಡ್ರೈವರೇ, ಪ್ಯಾಸೆಂಜರ್‌ಗಳಿಗೆ ಚುಚ್ಚಿ ಟಿಕೆಟ್ ಕೊಡೋದಾ?" ಅಂದರಂತೆ. ಕೆಲವರು ನಕ್ಕರಂತೆ. ಅಣ್ಣ ಕೀಲಿ ತೆಗೆದು ಅವರ ಕೈಗಿಟ್ಟು, ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಇಳಿದನಂತೆ. ಇದನ್ನೆಲ್ಲ ನನಗೆ ಹೇಳಿದ್ದು ಅತ್ತಿಗೆ, ಅವಳಿಗೆ ಹೇಳಿದ್ದು ಕಂಡಕ್ಟರ್. ನಾನು ಅಲ್ಲಿರಲಿಲ್ಲ. ಆದರೂ ಆ ಬಾನೆಟ್ಟಿನ ಮೇಲೆ ಸಿರಿಂಜುಗಳು ಉರುಳುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ನೋಡದೇ ಇದ್ದದ್ದು ಇಷ್ಟು ಸ್ಪಷ್ಟವಾಗಿ ಕಾಣುವುದಾದರೆ, ಹೋಟೆಲಿನಲ್ಲಿ ನಾನು ನೋಡಿದ್ದು, ಆಡಿದ್ದು ಎಷ್ಟು ನಿಜ?

ಮಾಲೀಕರಿಗೆ ಯಾವ ಪೆಟ್ಟಿಗೆ ಎಂದು ಗೊತ್ತಿತ್ತು. ಅಣ್ಣ ಹಿಡಿದದ್ದು ಇದೊಂದನ್ನೇ. ಪೆಟ್ಟಿಗೆಯ ವಿಷಯ ತಿಳಿದವರು ಇಬ್ಬರು, ನಾನು ಮತ್ತು ಕಂಡಕ್ಟರ್. ಕಂಡಕ್ಟರ್ ದೇವರಾಣೆ ಮಾಡಿ ತಾನಲ್ಲ ಅಂದ. ಅಷ್ಟೇ ಅಲ್ಲ, ಆ ಬೆಳಿಗ್ಗೆ ಹೋಟೆಲಿನಲ್ಲಿ, "ಅಣ್ಣನಿಗೆ ಅಷ್ಟು ಹುಷಾರಿಲ್ಲ, ಬಸ್ಸಿನಲ್ಲೇ ಔಷಧಿ ಇಟ್ಟುಕೊಂಡಿದ್ದಾನೆ, ಅದಕ್ಕೇ ಜೊತೆಗೆ ಬಂದೆ," ಎಂದು ಮೇಷ್ಟ್ರು ಹೇಳಿದ್ದನ್ನು ತನ್ನ ಕಿವಿಯಾರೆ ಕೇಳಿದೆ ಅಂದ. ನಾನು ಅಂದೆನೇ? ಅನ್ನಬಹುದಾದ ಮಾತೇ ಅದು. ಆ ಬೆಳಿಗ್ಗೆ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ ವಿಷಯ. ಬೇಕೆಂದೇ ಅನ್ನುವಷ್ಟು ಕೋಪವೂ ಇತ್ತು, ಬಾಯಿ ತಪ್ಪಿ ಅನ್ನುವಷ್ಟು ದಣಿವೂ ಇತ್ತು. ಆದರೆ ಕಂಡಕ್ಟರ್ ಮಾತುಗಾರ, ಯಾರ ಮುಂದೆಯೂ ಬಾಯಿ ಬಿಟ್ಟಿರಬಹುದು. ಹಂಡೆಯ ಪಕ್ಕದಲ್ಲಿ ಬಿದ್ದ ಹತ್ತಿ ಚೂರು ನೋಡಿದ ಯಾವುದಾದರೂ ಮನೆಯವರು ಹೇಳಿರಬಹುದು. ಎಷ್ಟೊಂದು ಸಾಧ್ಯತೆಗಳು. ನಾನು ಅವನ್ನೆಲ್ಲ ಅಣ್ಣನ ಮುಂದೆ ಒಂದೊಂದಾಗಿ ಹೇಳಿದೆ, ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವ ಹಾಗೆ. ಅವನು ಪೂರ್ತಿ ಕೇಳಿ, "ಪಾಠ ಮುಗೀತಾ?" ಅಂದ.

ಮಾಲೀಕರು ಕೆಟ್ಟವರಲ್ಲ ಅನ್ನಬೇಕು, ಆ ಮಾತಿಗೆ ಏನಾದರೂ ಅರ್ಥವಿದ್ದರೆ. ಅವರು ಅವನನ್ನು ಪೂರ್ತಿ ಬಿಡಿಸಲಿಲ್ಲ. ಬೇಲೂರು ಸ್ಟ್ಯಾಂಡಿನಲ್ಲಿ ಏಜೆಂಟ್ ಮಾಡಿದರು. ತಾನು ಓಡಿಸುತ್ತಿದ್ದ ಬಸ್ಸಿನ ಬಾಗಿಲಲ್ಲಿ ನಿಂತು, "ಹಳೇಬೀಡು, ಜಾವಗಲ್, ಅರಸೀಕೆರೆ, ರೈಲಿಗೆ ಸಿಗೋದು, ಬನ್ನಿ ಬನ್ನಿ," ಎಂದು ಕೂಗಿ ಜನ ತುಂಬಿಸುವ ಕೆಲಸ. ಮೊದಮೊದಲು ಅವನ ಗಂಟಲಿನಿಂದ ಸ್ವರವೇ ಹೊರಡುತ್ತಿರಲಿಲ್ಲವಂತೆ. ಹಾರ್ನಿನಿಂದ ಕರೆದು ರೂಢಿಯಾದವನು.

ಆದರೆ ಈಗ ಅವನು ಬೆಳಿಗ್ಗೆ ಹಳೇಬೀಡಿನ ಮನೆಯಿಂದ ಹೊರಟು ಸಂಜೆಗೆ ವಾಪಸ್ಸು ಬರುತ್ತಿದ್ದ. ಹೊತ್ತಿಗೆ ಸರಿಯಾಗಿ ರಾಗಿ ಮುದ್ದೆ, ಸೊಪ್ಪಿನ ಸಾರು. ಮಲಗುವ ಮುಂಚೆ, ಹಾಸಿಗೆಯ ಮೇಲೆ ಕೂತು, ಲೈಟಿನ ಕೆಳಗೆ ಇಂಜೆಕ್ಷನ್. ಡಾಕ್ಟರಿಗೆ ಬಾಳೆಹಣ್ಣಿನ ಕಥೆ ನಾನೇ ಹೇಳಿದೆ, ಅಣ್ಣ ಗೋಡೆಯ ಕಡೆ ನೋಡುತ್ತ ಕೂತಿದ್ದ. ಡಾಕ್ಟರು ಹಳೆಯ ರಿಪೋರ್ಟುಗಳನ್ನೆಲ್ಲ ಮತ್ತೆ ತಿರುವಿ ನೋಡಿ ಇಂಜೆಕ್ಷನ್ನನ್ನು ಅರ್ಧಕ್ಕಿಂತ ಕಮ್ಮಿ ಮಾಡಿದರು. ಮುಚ್ಚಿಡುವುದಕ್ಕೆ ಈಗ ಏನೂ ಉಳಿದಿರಲಿಲ್ಲವಾದ್ದರಿಂದ ಅಣ್ಣ ಎಲ್ಲವನ್ನೂ ಡಾಕ್ಟರು ಹೇಳಿದ ಹಾಗೆಯೇ ಮಾಡಿದ. ಬೆಳಿಗ್ಗೆ ಬೆವರುವುದು ನಿಂತಿತು. ಹಣ್ಣು ಬೆಲ್ಲ ಬೇಕಾಗಲಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಇಳಿಯಿತು, ಇಳಿದಲ್ಲೇ ನಿಂತಿತು. ಮಳೆಗಾಲ ಕಳೆಯುವ ಹೊತ್ತಿಗೆ ಹುಣ್ಣು ಮಾಯಿತು. ಯಾವ ಪುಸ್ತಕದಲ್ಲಾದರೂ ಉದಾಹರಣೆಯಾಗಿ ಹಾಕಿಕೊಳ್ಳಬಹುದಾದಷ್ಟು ಚೊಕ್ಕವಾಗಿ.

ಹೀಗೆ ನನ್ನ ಮಾತೆಲ್ಲ ಸರಿಯಾಯಿತು. ಡೋಸ್ ಇಳಿಸಬೇಕು ಅಂದಿದ್ದೆ, ಇಳಿಸಿದರು. ಬಸ್ಸು ಬಿಡಬೇಕು ಅಂದಿದ್ದೆ, ಬಿಟ್ಟ. ಬೆರಳು ಉಳಿಯುತ್ತದೆ ಅಂದಿದ್ದೆ, ಉಳಿಯಿತು. ಸರಿಯಾಗಿರುವುದರಲ್ಲಿ ಇಷ್ಟು ಕಹಿ ಇರುತ್ತದೆಂದು ನನಗೆ ಯಾರೂ ಕಲಿಸಿರಲಿಲ್ಲ. ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಅಣ್ಣ ಬೇರೆ ಪ್ರಯಾಣಿಕರಿಗೆ ಹೇಳುವ ದನಿಯಲ್ಲೇ, "ಅರಸೀಕೆರೆನಾ? ಹತ್ಕಳಿ, ಹಿಂದೆ ಸೀಟ್ ಐತೆ," ಅನ್ನುತ್ತಿದ್ದ. ಹುಟ್ಟಿದಾಗಿನಿಂದ ಏನ್ಲಾ ಅಂದವನು ನನ್ನನ್ನು ಬಹುವಚನಕ್ಕೆ ತಳ್ಳಿದ್ದ.

ಆ ವರ್ಷದ ಕೊನೆಯ ರಿಪೋರ್ಟಿನ ದಿನ ಇಬ್ಬರೂ ಡಾಕ್ಟರ ಮುಂದೆ ಕೂತಿದ್ದೆವು. ಅವರು ಕಾಗದ ನೋಡಿ ನಕ್ಕು, "ಫಸ್ಟ್ ಕ್ಲಾಸ್! ಇದನ್ನ ಫ್ರೇಮ್ ಹಾಕಿಸಿ ಇಟ್ಕೊಳ್ಳಿ," ಎಂದು ಅಣ್ಣನ ಕಡೆ ಚಾಚಿದರು.

ಅಣ್ಣ ಕೈ ನೀಡಲಿಲ್ಲ. "ಅವರಿಗೆ ಕೊಡಿ ಸಾರ್. ಬೇಕಾಗಿದ್ದು ಅವರಿಗೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಕಾಗದ ತೆಗೆದುಕೊಂಡೆ.

ಹೊರಗೆ ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಲಾರಿಯೊಂದು ದಾರಿಗೆ ಅಡ್ಡವಾಗಿ ಹಿಂದಕ್ಕೆ ಬರುತ್ತಿತ್ತು. ಅದು ಸರಿಯುವವರೆಗೆ ನಿಲ್ಲಬೇಕಾಯಿತು. ಅಣ್ಣ ಆ ಡ್ರೈವರ್ ಸ್ಟಿಯರಿಂಗ್ ತಿರುಗಿಸುವುದನ್ನೇ ನೋಡುತ್ತಿದ್ದ. ನಾನು ಎಷ್ಟನೆಯ ಸಲವೋ ಅದೇ ಮಾತು ಎತ್ತಿದೆ.

"ಅಣ್ಣ, ನಾನು ಅವತ್ತು ಹೋಟೆಲಿನಲ್ಲಿ ಹೇಳಿದ ಹಾಗೆ ನನಗೆ ಜ್ಞಾಪಕ ಇಲ್ಲ. ನಿಜವಾಗಿ ಇಲ್ಲ."

ಅವನು ಲಾರಿಯಿಂದ ಕಣ್ಣು ತೆಗೆಯಲಿಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಮೊದಲನೆಯ ಸಲ ನನ್ನನ್ನು ಏಕವಚನದಲ್ಲಿ ಕರೆದ.

"ನೋಡ್ಲಾ. ಹೇಳ್ದೆ ಅಂದಿದ್ರೆ ನಾಲ್ಕು ಬೈದು ಬಿಟ್ಟುಬಿಡ್ತಿದ್ದೆ. ಹೇಳಿಲ್ಲ ಅಂದಿದ್ರೆ ನಂಬ್ತಿದ್ದೆ, ನನ್ ತಮ್ಮ ನೀನು. ಜ್ಞಾಪಕ ಇಲ್ಲ ಅಂತೀಯಲ್ಲ, ಅದನ್ನ ಇಟ್ಕಂಡು ನಾನೇನ್ ಮಾಡ್ಲಿ?"

ಲಾರಿ ಸರಿಯಿತು. ಅವನು ಬಸ್ ಸ್ಟ್ಯಾಂಡಿನ ಕಡೆ ನಡೆದ. ಕಾಲು ಒಂದಿಷ್ಟೂ ಕುಂಟುತ್ತಿರಲಿಲ್ಲ.